ಡಾಂಗಲ್, ಕಾರ್ಡ್, ಕೇಬಲ್: ಮೂರನ್ನೂ ಹಾಕಿ ನೋಡಿದ ಮೇಲೆ

ಮನೆಯ ಕಂಪ್ಯೂಟರ್‌ಗೆ ಇಂಟರ್ನೆಟ್ ತರಲು ವೈಫೈ ಡಾಂಗಲ್, ವೈಫೈ ಕಾರ್ಡ್, ಕೇಬಲ್ ಈ ಮೂರರಲ್ಲಿ ಯಾವುದು ಎಂದರೆ, ನನ್ನ ಮತ ಕೇಬಲ್‌ಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ನಿಷ್ಪಕ್ಷಪಾತಿ ಎಂಬ ಭ್ರಮೆ ಯಾರಿಗೂ ಬೇಡ. ಬಿಡಿಭಾಗಗಳನ್ನು ಕೊಂಡು ತಾವೇ ಕಂಪ್ಯೂಟರ್ ಜೋಡಿಸುವವರು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇಂಟರ್ನೆಟ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುವುದು ಕೊನೆಯ ಸ್ಕ್ರೂ ಬಿಗಿದ ಮೇಲೆ. ನನ್ನ ಮದರ್‌ಬೋರ್ಡ್ (ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಹಲಗೆ) ವೈಫೈ ಇಲ್ಲದ ಮಾದರಿ, ರೂಟರ್ ಇರುವುದು ಪಕ್ಕದ ಕೋಣೆಯಲ್ಲಿ. ಆದ್ದರಿಂದ ಮೂರು ದಾರಿಗಳನ್ನೂ ಒಂದೇ ಯಂತ್ರದಲ್ಲಿ ಪರೀಕ್ಷಿಸುವ ಅವಕಾಶ ಒದಗಿತು.

ಮೊದಲು ತಂದದ್ದು ಯುಎಸ್‌ಬಿ ಡಾಂಗಲ್, ಅಂದರೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ವೈಫೈ ಸಾಧನ. ಅಗ್ಗ, ಚಿಕ್ಕದು, ಚುಚ್ಚಿದರೆ ಮುಗಿಯಿತು ಎಂದು ಡಬ್ಬಿಯ ಮೇಲೆ ಬರೆದಿತ್ತು. ಮುಗಿಯಲಿಲ್ಲ. ವಿಂಡೋಸ್ 11ರ ಸೆಟಪ್ ನೆಟ್‌ವರ್ಕ್ ಕೇಳುವ ಪರದೆಗೆ ಬಂದು ನಿಂತಿತು. ಪಟ್ಟಿಯಲ್ಲಿ ಒಂದು ವೈಫೈ ಹೆಸರೂ ಇಲ್ಲ, ‘ಮುಂದೆ’ ಎಂಬ ಗುಂಡಿ ಮಸುಕಾಗಿಯೇ ಇತ್ತು. ಇಂಟರ್ನೆಟ್ ಇಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ, ಡ್ರೈವರ್ (ಡಾಂಗಲನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಇಲ್ಲದೆ ಇಂಟರ್ನೆಟ್ ಇಲ್ಲ, ಡ್ರೈವರ್ ಇರುವುದು ಇಂಟರ್ನೆಟ್‌ನಲ್ಲಿ. ಪೆಟ್ಟಿಗೆಯೊಳಗೆ ಬೀಗದ ಕೈ ಇಟ್ಟು ಬೀಗ ಜಡಿದ ಹಾಗಾಯಿತು. ಡಾಂಗಲ್ ತಯಾರಿಸಿದ ಪುಣ್ಯಾತ್ಮರು ಡ್ರೈವರ್ ಕೊಟ್ಟಿರಲಿಲ್ಲವೆಂದಲ್ಲ, ಅಂಗೈಯಗಲದ ಪುಟ್ಟ ಸಿಡಿಯೊಂದರಲ್ಲಿ ಕೊಟ್ಟಿದ್ದರು. ಸಿಡಿ ಡ್ರೈವ್ ಕೂರಿಸಲು ಜಾಗವೇ ಇಲ್ಲದ ಕ್ಯಾಬಿನೆಟ್‌ಗಳು ಬಂದು ಎಷ್ಟು ಕಾಲವಾಯಿತು!

ಪಾರಾಗಿದ್ದು ಫೋನಿನಿಂದ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಯುಎಸ್‌ಬಿಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರ್‌ಗೆ ಹಂಚುವ ಸೌಲಭ್ಯ) ಆನ್ ಮಾಡಿದರೆ ವಿಂಡೋಸ್ ಅದನ್ನೊಂದು ನೆಟ್‌ವರ್ಕ್ ಕಾರ್ಡ್ ಎಂದೇ ಭಾವಿಸುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಸಾಮಾನ್ಯವಾಗಿ ಅದನ್ನೇ ದಾಟಿಸುತ್ತದೆ, ಮೊಬೈಲ್ ಡೇಟಾ ಕರಗುವುದಿಲ್ಲ.

ಡ್ರೈವರ್ ಬಂತು, ಡಾಂಗಲ್ ದೀಪ ಮಿನುಗಿತು, ಆದರೂ ವೇಗ ಕುಂಟುತ್ತಲೇ ಇತ್ತು. ಕಾರಣ ಎರಡು. ಕ್ಯಾಬಿನೆಟ್‌ನ ಹಿಂಬದಿಗೆ ಚುಚ್ಚಿದ ಡಾಂಗಲ್ ಲೋಹದ ತಗಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಜೊತೆಗೆ, ಯುಎಸ್‌ಬಿ 3.0 ಕಿಂಡಿಗಳು ಕೆಲಸ ಮಾಡುವಾಗ ವೈಫೈ ಕೂಡ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದೆ. ಪಕ್ಕದ ಕಿಂಡಿಯಲ್ಲಿ ಬ್ಯಾಕಪ್ ಡಿಸ್ಕ್ ಓಡುತ್ತಿದ್ದರೆ ನನ್ನ ವೈಫೈ ಮಂಕಾಗುತ್ತಿತ್ತು. ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟಾಗ ಸುಧಾರಿಸಿತು. ತಂತಿ ಬೇಡವೆಂದು ಡಾಂಗಲ್ ಕೊಂಡು, ಅದಕ್ಕೂ ತಂತಿ ಕಟ್ಟುವುದಾದರೆ ಏನು ಬಂತು?

ಎರಡನೆಯದು ಪಿಸಿಐಇ ಕಾರ್ಡ್, ಅಂದರೆ ಮದರ್‌ಬೋರ್ಡ್‌ನ ಪಿಸಿಐಇ ಎಂಬ ಸ್ಲಾಟ್‌ಗೆ ಕೂರಿಸುವ ವೈಫೈ ಕಾರ್ಡ್. ಅದರ ಮೇಲೆ ನನಗೆ ದೂರಿಲ್ಲ. ಇಂಟೆಲ್ ಎಎಕ್ಸ್210 ಚಿಪ್ ಇರುವುದನ್ನು ಸ್ನೇಹಿತರಿಂದ ಎರವಲು ತಂದು ಹಾಕಿದ್ದೆ. ಆಂಟೆನಾವನ್ನು ಬೇಕಾದ ಕಡೆ ಇಡಬಹುದು, ವೇಗ ಸ್ಥಿರ. ಇದರೊಳಗೆ ವೈಫೈ ಹರಿಯುವುದು ಪಿಸಿಐಇ ಸ್ಲಾಟ್ ಮೂಲಕ, ಬ್ಲೂಟೂತ್ ಹರಿಯುವುದು ಯುಎಸ್‌ಬಿ ಮೂಲಕ. ಹಾಗಾಗಿ ಕಾರ್ಡ್‌ನಿಂದ ಮದರ್‌ಬೋರ್ಡ್‌ನ ಯುಎಸ್‌ಬಿ 2.0 ಹೆಡರ್‌ಗೆ (ಹಲಗೆಯ ಮೇಲಿನ ಪಿನ್ನುಗಳ ಗುಂಪಿಗೆ) ತೆಳುವಾದ ತಂತಿಯೊಂದನ್ನು ಸೇರಿಸದಿದ್ದರೆ ಬ್ಲೂಟೂತ್ ಕಾಣಿಸುವುದೇ ಇಲ್ಲ. ದಪ್ಪ ಗ್ರಾಫಿಕ್ಸ್ ಕಾರ್ಡ್ ಕೆಳಗಿನ ಚಿಕ್ಕ ಸ್ಲಾಟನ್ನು ಮುಚ್ಚಿಬಿಟ್ಟಿದೆಯೇ ಎಂದೂ ನೋಡಿಕೊಳ್ಳಬೇಕು.

ಇನ್ನು ಕೇಬಲ್. ಹೊಸ ಮದರ್‌ಬೋರ್ಡ್ ಆದರೆ ಎತರ್ನೆಟ್ (ಕೇಬಲ್ ಸಂಪರ್ಕದ) ಚಿಪ್‌ನ ಡ್ರೈವರ್ ಕೂಡ ವಿಂಡೋಸ್ ಪೆನ್‌ಡ್ರೈವ್‌ನಲ್ಲಿ ಇಲ್ಲದಿರಬಹುದು; ಅಲ್ಲಿಯೂ ಫೋನ್ ಕೈಹಿಡಿಯುತ್ತದೆ. ಅದೊಂದನ್ನು ದಾಟಿದರೆ ಮತ್ತೆ ತಲೆಬಿಸಿಯಿಲ್ಲ. ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ, ಮನೆಯೊಳಗೆ ಅಷ್ಟು ದೂರ ಎಲ್ಲಿದೆ? ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ, ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ತಂತಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಸಂಪರ್ಕದ ವೇಗ 1000 ಮೆಗಾಬಿಟ್ (1 ಗಿಗಾಬಿಟ್) ಬದಲು 100 ಎಂದು ತೋರಿಸಿದರೆ ಮೊದಲು ಕನೆಕ್ಟರ್ ನೋಡಿ. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಗಳೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ಸಡಿಲವಾದರೂ ವೇಗ ಸದ್ದಿಲ್ಲದೆ ಕೆಳಕ್ಕಿಳಿಯಬಹುದು. ಬಾಗಿಲ ಸಂದಿಯಲ್ಲಿ ನಜ್ಜುಗುಜ್ಜಾಗದಂತೆ ಚಪ್ಪಟೆ ಕೇಬಲನ್ನು ಗೋಡೆಯಂಚಿಗೆ ಕ್ಲಿಪ್ ಹೊಡೆದು ಎಳೆದಿದ್ದೇನೆ. ನೋಡಲು ಚೆಂದವಿಲ್ಲ, ಮನೆಯವರ ಗೊಣಗಾಟ ನ್ಯಾಯವೇ.

ನನ್ನ ಯಂತ್ರ ಮೇಜು ಬಿಟ್ಟು ಕದಲುವುದಿಲ್ಲ, ರಾತ್ರಿಯಿಡೀ ದೊಡ್ಡ ಕಡತಗಳ ಬ್ಯಾಕಪ್ ನಡೆಯುತ್ತದೆ, ಕೈಯಲ್ಲಿದ್ದ ಹಣವೆಲ್ಲ ಗ್ರಾಫಿಕ್ಸ್ ಕಾರ್ಡ್ ನುಂಗಿತ್ತು. ಹಾಗಾಗಿ ಕೇಬಲ್. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎನ್ನುವವರು ಕಾರ್ಡ್ ಕೊಳ್ಳಲಿ. ಬಿಡಿ ಚಿಪ್ ತಂದು ಮದರ್‌ಬೋರ್ಡ್‌ನ ಎಂ.2 ಎಂಬ ಚಿಕ್ಕ ಕಿಂಡಿಗೆ ಹಾಕುವವರು ಮಾತ್ರ ಅಂಕಿಯನ್ನು ಎರಡು ಸಲ ಓದಿಕೊಳ್ಳಲಿ: ಎಎಕ್ಸ್210 ಎಎಂಡಿ ಪ್ರೊಸೆಸರ್‌ನ ಬೋರ್ಡ್‌ಗೂ ಹೊಂದುತ್ತದೆ, ಎಎಕ್ಸ್211 ಆಯ್ದ ಇಂಟೆಲ್ ಬೋರ್ಡ್‌ಗಳಲ್ಲಷ್ಟೇ ಓಡುತ್ತದೆ.