ಐವಿಟ್ನೆಸ್ ಜೊತೆ ನಾಲ್ಕು ವರ್ಷ: ಕನ್ನಡ ಮಾಧ್ಯಮದ ತರಗತಿಯಲ್ಲಿ ಅರ್ಮೇನಿಯನ್ನರ ಕಥೆ

ನಾನು ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಲ ಮಹಾಯುದ್ಧದ ಪಾಠ ಬಂದಾಗಲೆಲ್ಲ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ಆಟೋಮನ್ ಸಾಮ್ರಾಜ್ಯದ ಬಗ್ಗೆ ಓದಿಸುತ್ತೇವೆ, ಆದರೆ ಅಲ್ಲಿದ್ದ ಅರ್ಮೇನಿಯನ್ನರಿಗೆ ಏನಾಯಿತು ಅಂತ ಹೇಳದೆಯೇ ಮುಂದಿನ ಪಾಠಕ್ಕೆ ಹೋಗುತ್ತೇವೆ. ಹಿಟ್ಲರ್ ಯಾರೆಂದು ಮಕ್ಕಳಿಗೆ ಗೊತ್ತು. ಅರ್ಮೇನಿಯನ್ನರನ್ನು ಊರು ಬಿಡಿಸಿ ಸಾಮೂಹಿಕವಾಗಿ ಕೊಲ್ಲಿಸಿದ ಆಟೋಮನ್ ಮಂತ್ರಿ ತಲಾತ್ ಪಾಷಾ ಯಾರೆಂದು ನನಗೇ ಗೊತ್ತಿರಲಿಲ್ಲ.

ಅಮೆರಿಕದ ಷೋವಾ ಫೌಂಡೇಶನ್ ಶಾಲೆಗಳಿಗಾಗಿ ಮಾಡಿರುವ ಐವಿಟ್ನೆಸ್ ಜಾಲತಾಣವನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಶಿಕ್ಷಕರು ನೋಂದಾಯಿಸಿಕೊಂಡರೆ ಸಾಕು. ಹತ್ಯಾಕಾಂಡಗಳಿಂದ ಬದುಕುಳಿದವರ ಮಾತುಗಳು ವಿಡಿಯೊ ತುಣುಕುಗಳಾಗಿ ಸಿಗುತ್ತವೆ. ಜೆ. ಮೈಕಲ್ ಹಗೋಪಿಯನ್ ಎಂಬ ಚಿತ್ರ ನಿರ್ದೇಶಕರು ದಶಕಗಳ ಕಾಲ ಅಲೆದು ಅರ್ಮೇನಿಯನ್ನರ ಹತ್ಯಾಕಾಂಡ ಕಂಡ ಸುಮಾರು 400 ಜನರ ಮಾತು ಚಿತ್ರೀಕರಿಸಿದ್ದರು. ಅವರೂ ಆ ಹತ್ಯಾಕಾಂಡದಲ್ಲಿ ಉಳಿದುಕೊಂಡ ಮಗುವೇ. ಆ ಚಿತ್ರಗಳು ಈಗ ಇದೇ ಸಂಸ್ಥೆಯ ಸಂಗ್ರಹದಲ್ಲಿವೆ.

ಮಾತಾಡುವವರೆಲ್ಲ ವಯಸ್ಸಾದವರು. ಆದರೆ ಅವರು ಹೇಳುವುದು ತಾವು ಮಕ್ಕಳಾಗಿದ್ದಾಗ ಕಂಡದ್ದನ್ನು. ನನ್ನ ವಿದ್ಯಾರ್ಥಿಗಳನ್ನು ಹಿಡಿದು ನಿಲ್ಲಿಸುವುದು ಅದೇ. 1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಅರ್ಮೇನಿಯನ್ ಬರಹಗಾರರನ್ನು, ಮುಖಂಡರನ್ನು ಹಿಡಿದರು ಅಂತ ಬೋರ್ಡಿನ ಮೇಲೆ ಬರೆದರೆ ಅದು ಸುಮ್ನೆ ಒಂದು ತಾರೀಕು. ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿಕೊಂಡು ಹೋದಾಗ ತಾಯಿಯ ಕೈ ತಪ್ಪಿದ್ದನ್ನು ಒಬ್ಬ ಅಜ್ಜಿ ಹೇಳಿದರೆ ತರಗತಿಯಲ್ಲಿ ಪೆನ್ನಿನ ಸದ್ದೂ ಇರುವುದಿಲ್ಲ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಇಡೀ ಪೀರಿಯಡ್ ಒಂದಾದ ಮೇಲೊಂದು ತುಣುಕು ತೋರಿಸಿದೆ. ಒಬ್ಬ ಹುಡುಗಿ ಅಳುತ್ತಾ ಹೊರಗೆ ಹೋದಳು. ಉಳಿದವರು ಏನೂ ಕೇಳಲಿಲ್ಲ. ಈಗ ಮೂರು ನಿಮಿಷದ ಒಂದೇ ತುಣುಕು, ಆಮೇಲೆ ಅರ್ಧ ಗಂಟೆ ಮಾತು. ಹೆಣಗಳ ಫೋಟೊ ತೋರಿಸುವುದೇ ಇಲ್ಲ. ಎಂಟನೇ ತರಗತಿಯವರಿಗೆ ಇದು ಜಾಸ್ತಿಯಾಗುತ್ತದೆ, ಒಂಬತ್ತು ಹತ್ತಕ್ಕೆ ಸರಿ.

ಭಾಷೆಯ ಕೆಲಸ ನಮ್ಮ ಮೇಲೇ ಬೀಳುತ್ತದೆ. ಇಂಗ್ಲಿಷ್ ಮಾತನ್ನು ರಾತ್ರಿ ಕೂತು ಕನ್ನಡಕ್ಕೆ ಇಳಿಸಿಕೊಳ್ಳುತ್ತೇನೆ. ಒಂದು ತುಣುಕಿಗೆ ಎರಡು ಗಂಟೆ ಬೇಕು. ಶಾಲೆಯ ನೆಟ್ ನಂಬುವ ಹಾಗಿಲ್ಲ, ಹಾಗಾಗಿ ಕನ್ನಡಕ್ಕೆ ಇಳಿಸಿದ ಮಾತಿನ ಪ್ರತಿಯನ್ನು ಜೆರಾಕ್ಸ್ ಮಾಡಿಸಿಟ್ಟುಕೊಂಡಿರುತ್ತೇನೆ.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ: ಇದು ನಮಗೆ ಯಾಕೆ ಗೊತ್ತಿಲ್ಲ ಮಿಸ್? ಇವತ್ತಿನ ಟರ್ಕಿ ಸರ್ಕಾರ ಇದನ್ನು ಜನಾಂಗಹತ್ಯೆ (ಜಿನೊಸೈಡ್) ಎಂದು ಒಪ್ಪುವುದಿಲ್ಲ, ಅಮೆರಿಕದ ಅಧ್ಯಕ್ಷರು ಆ ಪದ ಬಳಸಿ ಅಧಿಕೃತವಾಗಿ ಮಾನ್ಯ ಮಾಡಿದ್ದು 2021ರಲ್ಲಿ ಅಂತ ವಿವರಿಸುತ್ತೇನೆ. ಆ ಪದವನ್ನು 1944ರಲ್ಲಿ ಕೊಟ್ಟ ಪೋಲೆಂಡಿನ ವಕೀಲ ರಫಾಯೆಲ್ ಲೆಮ್ಕಿನ್ ಅವರ ಮನಸ್ಸಿನಲ್ಲಿ ಅರ್ಮೇನಿಯನ್ನರೂ ಇದ್ದರು ಅನ್ನುವುದನ್ನೂ ಹೇಳುತ್ತೇನೆ.

ಕಳೆದ ವರ್ಷ ಒಬ್ಬ ಹುಡುಗ, ಆಗ ನಮ್ಮ ಕಡೆಯವರು ಯಾರಾದರೂ ಅಲ್ಲಿದ್ದರಾ ಅಂತ ಕೇಳಿದ. ಇದ್ದರು! ಊರು ಬಿಡಿಸಿದ ಅರ್ಮೇನಿಯನ್ನರ ದಂಡು ಹಾದುಹೋದ ದೊಡ್ಡ ಊರು ಅಲೆಪ್ಪೊ. ಅದರ ಹತ್ತಿರದ ಹರಿತಾನ್‌ನಲ್ಲಿ 1918ರ ಅಕ್ಟೋಬರ್ 26ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಆಟೋಮನ್ ಸೈನ್ಯದ ವಿರುದ್ಧ ಹೋರಾಡಿತ್ತು. ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಮರುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಐವಿಟ್ನೆಸ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇದುವರೆಗೆ ಏಳು ತುಣುಕುಗಳನ್ನು ಕನ್ನಡಕ್ಕೆ ಇಳಿಸಿದ್ದೇನೆ. ತಮ್ಮ ತರಗತಿಗೆ ಅವು ಬೇಕೆನ್ನುವ ಶಿಕ್ಷಕರು ಕೇಳಿ, ಕೊಡುತ್ತೇನೆ.