ಸುರಕ್ಷತಾ ಸಂಸ್ಕೃತಿಯ ತರಬೇತಿ ಸೇವೆ: ಆರು ತಿಂಗಳ ಬಳಿಕ

ನಮ್ಮ ಕಾರ್ಖಾನೆಯಲ್ಲಿ ಸುರಕ್ಷತಾ ಸಂಸ್ಕೃತಿಯನ್ನು ಬೆಳೆಸಲೆಂದು ಆಡಳಿತವರ್ಗವು ಸಲಹಾ ಸಂಸ್ಥೆಯೊಂದರಿಂದ ಆರು ತಿಂಗಳ ಸೇವೆಯನ್ನು ಪಡೆದಿತ್ತು. ನಿರ್ವಹಣಾ ವಿಭಾಗದ ಮೇಲ್ವಿಚಾರಕನಾಗಿ ಅದರಲ್ಲಿ ಪಾಲ್ಗೊಂಡ ನನಗೆ ಮೊದಲ ಎರಡು ತಿಂಗಳು ವ್ಯರ್ಥವೆನಿಸಿದವು.

ಸಂಸ್ಥೆಯ ತರಬೇತುದಾರರು, ಸುರಕ್ಷತಾ ಸಂಸ್ಕೃತಿ ಎಷ್ಟು ಬೆಳೆದಿದೆಯೆಂದು ತೋರಿಸುವ ಬ್ರಾಡ್ಲಿ ರೇಖೆಯ ನಾಲ್ಕು ಹಂತಗಳನ್ನು, ಅಂದರೆ ಪೆಟ್ಟು ಬಿದ್ದ ಮೇಲೆ ಎಚ್ಚೆತ್ತುಕೊಳ್ಳುವುದು, ಮೇಲಧಿಕಾರಿಗೆ ಅಂಜಿ ನಿಯಮ ಪಾಲಿಸುವುದು, ತನ್ನ ಜೀವಕ್ಕಾಗಿ ತಾನೇ ಪಾಲಿಸುವುದು, ಕೊನೆಗೆ ಪಕ್ಕದವನ ಕ್ಷೇಮವನ್ನೂ ತನ್ನ ಹೊಣೆಯೆಂದು ತಿಳಿಯುವುದು, ಇವನ್ನು ಚೆನ್ನಾಗಿಯೇ ವಿವರಿಸಿದರು. ಆದರೆ ವರ್ಷವಿಡೀ ಗಾಯದ ಪ್ರಕರಣ ದಾಖಲಾಗಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮನ್ನು ಮೂರನೆಯ ಹಂತದಲ್ಲಿ ಕೂರಿಸಿದರು. 2005ರ ಸ್ಫೋಟದಲ್ಲಿ 15 ಮಂದಿ ಸತ್ತ, ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲೂ ವೈಯಕ್ತಿಕ ಗಾಯಗಳ ದರ ಕಡಿಮೆಯೇ ಇತ್ತು. ಆ ಅಂಕಿ ದಾರಿ ತಪ್ಪಿಸಿತೆಂದು ತನಿಖಾ ವರದಿ ಹೇಳಿತು. ನಮ್ಮಲ್ಲಂತೂ ಗಾಯ ದಾಖಲಾದರೆ ಇಡೀ ತಂಡಕ್ಕೆ ಬಹುಮಾನ ತಪ್ಪುತ್ತಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದವರನ್ನು ನಾನು ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದೆ.

ಮೂರನೆಯ ತಿಂಗಳಲ್ಲಿ ಬಂದ ಬೇರೊಬ್ಬ ತರಬೇತುದಾರರು ತರಗತಿಯನ್ನು ಬಿಟ್ಟು ರಾತ್ರಿ ಪಾಳಿಯಲ್ಲಿ ನಮ್ಮೊಡನೆ ನಿಂತರು. ಗಾರ್ಡ್ (ಯಂತ್ರದ ರಕ್ಷಣಾ ಕವಚ) ಬಿಚ್ಚಿ, ಓಡುತ್ತಿರುವ ಕನ್ವೇಯರನ್ನೇ (ಸಾಮಗ್ರಿ ಸಾಗಿಸುವ ಪಟ್ಟಿಯನ್ನೇ) ಸ್ವಚ್ಛಗೊಳಿಸುತ್ತಿದ್ದ ಕಾರ್ಮಿಕನನ್ನು ಕಂಡು ಯಂತ್ರ ನಿಲ್ಲಿಸಿದರೇ ಹೊರತು ಗದರಲಿಲ್ಲ. ಹೀಗೇಕೆ ಮಾಡುತ್ತೀರಿ ಎಂದು ಕೇಳಿದರು. ಯಂತ್ರ ನಿಲ್ಲಿಸಿದರೆ ಆ ಪಾಳಿಯ ಉತ್ಪಾದನಾ ಗುರಿ ತಪ್ಪುತ್ತದೆ, ಗುರಿ ತಪ್ಪಿದರೆ ವಿವರಣೆ ಕೊಡಬೇಕಾದವನು ತಾನೇ ಎಂಬ ಉತ್ತರ ಬಂತು. ಅವರ ವರದಿಯಲ್ಲಿ ಮೊದಲು ಬಂದದ್ದು ಕಾರ್ಮಿಕನ ತಪ್ಪಲ್ಲ, ಸ್ವಚ್ಛತೆಗೆ ಸಮಯವನ್ನೇ ಇಡದ ಪಾಳಿಯ ಯೋಜನೆ. ಈಗ ಆ ಸಮಯವನ್ನು ಗುರಿಯಿಂದ ಕಳೆಯಲಾಗುತ್ತದೆ. ಗಾರ್ಡ್ ತೆರೆದೊಡನೆ ಯಂತ್ರ ನಿಲ್ಲುವಂತೆ ಇಂಟರ್‌ಲಾಕ್ ಅಳವಡಿಸಲಾಗಿದೆ.

ಬಹುಮಾನದ ಪದ್ಧತಿಯನ್ನೂ ಅವರು ನಿಲ್ಲಿಸುವಂತೆ ಮಾಡಿದರು. ಆಮೇಲೆ ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅವಘಡ) ವರದಿಗಳು ಒಮ್ಮೆಲೇ ಏರಿದಾಗ ಆಡಳಿತವರ್ಗ ಗಾಬರಿಗೊಂಡಿತು. ಅಪಾಯ ಹೆಚ್ಚಿಲ್ಲ, ಹೇಳುವ ಧೈರ್ಯ ಹೆಚ್ಚಿದೆ ಎಂದು ಅವರು ಮನವರಿಕೆ ಮಾಡಿಕೊಡಬೇಕಾಯಿತು. ವರದಿ ಕೊಟ್ಟವರಿಗೆ, ಅದರಿಂದ ಏನಾಯಿತೆಂದು ಮೇಲ್ವಿಚಾರಕನೇ ಹೋಗಿ ತಿಳಿಸುವ ಕ್ರಮವು ನನಗೆ ಹೊರೆಯಾದರೂ, ಈ ಸೇವೆಯಲ್ಲಿ ಹಣಕ್ಕೆ ತಕ್ಕ ಭಾಗ ಅದೇ.

ದೊಡ್ಡ ಕೊರತೆಯೊಂದಿದೆ. ಅತಿ ಅಪಾಯದ ಕೆಲಸಗಳನ್ನು ಮಾಡುವ ಗುತ್ತಿಗೆ ಕಾರ್ಮಿಕರಿಗೆ ಅರ್ಧ ದಿನದ ಉಪನ್ಯಾಸವಷ್ಟೇ ದೊರೆಯಿತು. ಈ ಸೇವೆಯನ್ನು ಪಡೆಯುವವರು ಅವರನ್ನೂ ಒಪ್ಪಂದದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು.