ಆಟದ ಆಂಬುಲೆನ್ಸ್, ನಿಜದ ಆಂಬುಲೆನ್ಸ್: ಎರಡರಲ್ಲೂ ಕೂತು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಆಂಬುಲೆನ್ಸ್‌ನಲ್ಲಿ ಬಂದು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಅಲ್ಲ. ಬೆಂಕಿ ಆರಿಸುವವನೂ ಅಲ್ಲ. ಆಟ ಆಡುವವನು. ವರ್ಷಗಟ್ಟಲೆ ಪರದೆಯ ಮೇಲೆ ಕೆಂಪು-ನೀಲಿ ದೀಪ ಹಾಕಿಕೊಂಡು ಓಡಾಡಿದ ಮೇಲೆ, ಇದರಲ್ಲಿ ಎಷ್ಟು ನಿಜ ಅನ್ನುವ ಹುಳ ತಲೆಗೆ ಹೊಕ್ಕಿತು. ಸ್ವಯಂಸೇವಕರಿಗೆ ಕೊಡುವ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದೆ. ಅಲ್ಲಿ ಪರಿಚಯವಾದವರು ಕೆಲವು ರಾತ್ರಿ ಆಂಬುಲೆನ್ಸ್‌ನಲ್ಲಿ ಸುಮ್ನೆ ಕೂತು ನೋಡೋಕೆ ಅವಕಾಶ ಮಾಡಿಕೊಟ್ಟರು. ಒಂದು ದಿನ ಬೆಂಕಿ ಆರಿಸುವವರ ತಾಲೀಮಿನಲ್ಲಿ ಮಾಸ್ಕ್ ಹಾಕಿಕೊಂಡೆ. ಒಂದು ಸಂಜೆ ತುರ್ತು ಕರೆ ತೆಗೆದುಕೊಳ್ಳುವ ಕೋಣೆಯ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಆಮೇಲೆ ಮನೆಗೆ ಬಂದು ಅದೇ ಆಟಗಳನ್ನೂ ಮಾಡ್‌ಗಳನ್ನೂ (ಮೂಲ ಆಟಕ್ಕೆ ಅಭಿಮಾನಿಗಳೇ ಮಾಡಿ ಸೇರಿಸುವ ಬದಲಾವಣೆಗಳು) ಮೊದಲಿಂದ ಆಡಿದೆ.

ಹೋಲಿಸೋಕೆ ಒಂದು ಅಳತೆಗೋಲು ಬೇಕಲ್ವಾ? ದೀಪ ಹೇಗೆ ಮಿನುಗುತ್ತದೆ, ಸಮವಸ್ತ್ರದ ಬ್ಯಾಡ್ಜ್ ಸರಿಯಾಗಿದೆಯಾ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಮಾಡ್ ಮಾಡುವವರನ್ನು ಮೀರಿಸುವವರಿಲ್ಲ. ಸೈರನ್ನಿನ ಒಂದೊಂದು ಸ್ವರಕ್ಕೂ ಬೇರೆ ಬೇರೆ ಬಟನ್ ಕೊಡುವ ಜನ ಅವರು. ನನ್ನ ಅಳತೆಗೋಲು ಸಿಕ್ಕಿದ್ದು ಆಂಬುಲೆನ್ಸ್‌ನ ಮೊದಲ ರಾತ್ರಿ.

ಬಂದ ಮಾಹಿತಿ ಇಷ್ಟೇ: ವಯಸ್ಸಾದವರು, ಉಸಿರಾಟದ ತೊಂದರೆ. ಗಾಡಿ ಓಡಿದ್ದು ಏಳು ನಿಮಿಷ. ನಿಂತದ್ದು ಒಂದೇ ಥರದ ಮೂರು ಕಟ್ಟಡಗಳ ಮುಂದೆ. ಯಾವ ಕಟ್ಟಡ? ಕರೆ ಮಾಡಿದವರು ಫೋನ್ ಎತ್ತುತ್ತಿಲ್ಲ. ಕೊನೆಗೆ ಒಂದು ಕಿಟಕಿಯಿಂದ ಯಾರೋ ಕೈ ಬೀಸಿದರು. ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಮೆಟ್ಟಿಲು ಹತ್ತಿದರೆ ಮೇಲೆ ಬಾಗಿಲಿಗೆ ಚಿಲಕ. ಗಾಡಿ ನಿಂತ ಮೇಲೆ ರೋಗಿಯ ಪಕ್ಕ ಹೋಗಿ ಮಂಡಿಯೂರೋಕೆ ಇನ್ನೂ ಆರು ನಿಮಿಷ ಹಿಡಿಯಿತು. ಆಟದಲ್ಲಾಗಿದ್ದರೆ ಅವರ ತಲೆಯ ಮೇಲೆ ಒಂದು ಚುಕ್ಕೆ ಹೊಳೆಯುತ್ತಿತ್ತು.

ಅವತ್ತಿನಿಂದ ಪ್ರತಿ ಆಟಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ: ಇದು ನನ್ನಿಂದ ಏನೇನು ಮುಚ್ಚಿಡುತ್ತದೆ? ಜಾಸ್ತಿ ಮುಚ್ಚಿಟ್ಟಷ್ಟೂ ನಿಜಕ್ಕೆ ಹತ್ತಿರ.

ಈ ಪ್ರಶ್ನೆಯನ್ನು ಮೊದಲು ಎಲ್‌ಎಸ್‌ಪಿಡಿಎಫ್‌ಆರ್‌ಗೆ ಕೇಳೋಣ. ಕಳ್ಳನ ಪಾತ್ರ ಆಡಿಸುವ ಜಿಟಿಎ 5ರಲ್ಲಿ (ಗ್ರ್ಯಾಂಡ್ ಥೆಫ್ಟ್ ಆಟೋ) ನಿಮ್ಮನ್ನು ಪೊಲೀಸ್ ಮಾಡುವ ಮಾಡ್ ಇದು. ಜಿಟಿಎ 4ಕ್ಕೆ ಇದರ ಅಣ್ಣ ಎಲ್‌ಸಿಪಿಡಿಎಫ್‌ಆರ್ ಇತ್ತು. 2015ರಲ್ಲಿ ಜಿಟಿಎ 5 ಕಂಪ್ಯೂಟರಿಗೆ ಬಂದ ಮೇಲೆ ಇದು ಬಂತು. ಠಾಣೆಗೆ ಹೋಗಿ ಡ್ಯೂಟಿ ಶುರು ಮಾಡಿ, ರೇಡಿಯೋದಲ್ಲಿ ಕರೆ ಬಂದಾಗ ವೈ ಒತ್ತಿದರೆ ನಕ್ಷೆಯಲ್ಲಿ ದಾರಿ ತೆರೆದುಕೊಳ್ಳುತ್ತದೆ. ಬೇಡವೆಂದರೆ ಸುಮ್ಮನಿರಬಹುದು. ಮೊದಲ ಸುಳ್ಳು ಅದೇ. ನಾನು ಕೂತ ಗಾಡಿಯಲ್ಲಿ ಬೇಡ ಅನ್ನುವ ಬಟನ್ ಇರಲಿಲ್ಲ. ಬೆನ್ನಟ್ಟುವಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮಜಾ, ಅಷ್ಟೇ.

ಆದರೆ ಗಾಡಿ ಓಡಿಸುವುದರ ಬಗ್ಗೆ ಹೇಳಲೇಬೇಕು. ಆಟದಲ್ಲಿ ಸೈರನ್ ಹಾಕಿದರೆ ಕೆಂಪು ದೀಪಕ್ಕೆ ನಾನು ಬ್ರೇಕ್ ಮುಟ್ಟುವುದೇ ಇಲ್ಲ. ನಮ್ಮ ಡ್ರೈವರ್ ಪ್ರತಿ ಸಿಗ್ನಲ್ಲಿನಲ್ಲೂ ಹೆಚ್ಚುಕಡಿಮೆ ನಿಲ್ಲಿಸಿ, ಎರಡೂ ಕಡೆ ನೋಡಿ, ಆಮೇಲೆ ದಾಟುತ್ತಿದ್ದರು. ಸೈರನ್ ಅಂದರೆ ದಾರಿ ಕೇಳುವುದು, ಕಿತ್ತುಕೊಳ್ಳುವುದಲ್ಲ ಅನ್ನುವುದು ಅವರ ಲೆಕ್ಕ. ಹಿಂದೆ ಒಬ್ಬರು ನಿಂತುಕೊಂಡು ರೋಗಿಯನ್ನು ನೋಡುತ್ತಿರುತ್ತಾರೆ. ಗಾಡಿ ಸರಕ್ಕನೆ ತಿರುಗಿದರೆ ಅವರು ಗೋಡೆಗೆ ಹೋಗಿ ಬೀಳುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಆಟವೇ ಸರಿ. ಸೈರನ್ ಕೇಳಿದ ಕೂಡಲೇ ಗಾಬರಿಯಾಗಿ ರಸ್ತೆಯ ನಟ್ಟನಡುವೆ ಕಾರು ನಿಲ್ಲಿಸಿಬಿಡುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅದನ್ನು ನಾನು ಆಟದ ದಡ್ಡತನ ಅಂದುಕೊಂಡಿದ್ದೆ.

ನನ್ನ ಅಳತೆಗೋಲಿಗೆ ಈ ಮಾಡ್‌ನಲ್ಲಿ ನಿಲ್ಲುವುದು ಸಣ್ಣದೊಂದು ಕೆಲಸ. ಕಾರಿನ ಹಿಂದೆ ಹೋಗಿ ಶಿಫ್ಟ್ ಒತ್ತಿ ಹಿಡಿದು ನಿಲ್ಲಿಸುತ್ತೀರಿ. ಇಳಿದು ಕಿಟಕಿಯ ಹತ್ತಿರ ನಡೆಯುತ್ತೀರಿ. ಒಳಗಿರುವವನು ಯಾರು, ಪರವಾನಗಿ ಕೊಡುತ್ತಾನಾ, ಓಡುತ್ತಾನಾ, ಗನ್ ತೆಗೆಯುತ್ತಾನಾ, ಏನೂ ಗೊತ್ತಿಲ್ಲ. ಆ ಹತ್ತು ಹೆಜ್ಜೆ ಬೆನ್ನಟ್ಟುವಿಕೆಗಿಂತ ಎಷ್ಟೋ ನಿಜ.

ಎಮರ್ಜೆನ್ಸಿ 4 ಇದಕ್ಕೆ ಪೂರ್ತಿ ಉಲ್ಟಾ. ಜರ್ಮನಿಯಲ್ಲಿ ತಯಾರಾಗಿ 2006ರಲ್ಲಿ ಬಂದ ಆಟ. ಮೇಲಿನಿಂದ ಹದ್ದಿನ ಹಾಗೆ ನೋಡಿಕೊಂಡು ಫೈರ್ ಎಂಜಿನ್, ಆಂಬುಲೆನ್ಸ್, ಪೊಲೀಸ್ ಎಲ್ಲವನ್ನೂ ನೀವೇ ನಡೆಸಬೇಕು. ಇದರ ಲಾಸ್ ಏಂಜಲಿಸ್ ಮಾಡ್ ಇವತ್ತಿಗೂ ಆಡುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಮೂಲ ಆಟವನ್ನೂ ಈ ಮಾಡನ್ನೂ ಪಕ್ಕಪಕ್ಕ ಇಟ್ಟು ಆಡಿದರೆ ಒಂದು ಒಳ್ಳೆಯ ಪಾಠ ಪುಕ್ಕಟೆ ಸಿಗುತ್ತದೆ. ಮೂಲ ಆಟದಲ್ಲಿ ಗಾಯಾಳುವನ್ನು ಮೊದಲು ಡಾಕ್ಟರ್ ಬಂದು ನೋಡಬೇಕು, ಆಮೇಲೇ ಸ್ಟ್ರೆಚರ್. ಜರ್ಮನಿಯಲ್ಲಿ ನಡೆಯುವುದೂ ಹಾಗೇ. ಗಂಭೀರ ಕರೆಗಳಿಗೆ ಡಾಕ್ಟರೇ ಗಾಡಿ ಹತ್ತಿ ಬರುತ್ತಾರೆ, ಚಿಕಿತ್ಸೆ ಸ್ಥಳದಲ್ಲೇ ಶುರು. ಲಾಸ್ ಏಂಜಲಿಸ್ ಮಾಡ್‌ನಲ್ಲಿ ಅಮೆರಿಕದ ರೀತಿ: ಪ್ಯಾರಾಮೆಡಿಕ್‌ಗಳೇ ಬರುತ್ತಾರೆ, ನೋಡುತ್ತಾರೆ, ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಎರಡರಲ್ಲಿ ಯಾವುದು ಮೇಲು ಅನ್ನುವ ಜಗಳ ವೈದ್ಯರ ನಡುವೆ ಬಹಳ ಹಳೆಯದು. ಮಾಡ್ ಬರೆದವರು ಬರೀ ಗಾಡಿಯ ಬಣ್ಣ ಬದಲಿಸಲಿಲ್ಲ, ಕೆಲಸದ ರೀತಿಯನ್ನೇ ಬದಲಿಸಿದರು.

ಹಾಗಿದ್ದೂ ನನ್ನ ಪ್ರಶ್ನೆಗೆ ಈ ಆಟ ತೀರಾ ಕಡಿಮೆ ಅಂಕ ಪಡೆಯುತ್ತದೆ. ಮೇಲಿನಿಂದ ಎಲ್ಲವೂ ಕಾಣುತ್ತದೆ. ಪ್ರತಿ ಗಾಯಾಳುವಿಗೂ ಪ್ರಾಣದ ಪಟ್ಟಿ ಇದೆ, ಅದು ಇಳಿಯುತ್ತಾ ಹೋಗುತ್ತದೆ. ನಾನು ಯಾವಾಗಲೂ ಪಟ್ಟಿ ಖಾಲಿಯಾಗುತ್ತಿರುವವನ ಕಡೆ ಮೊದಲು ಓಡುತ್ತಿದ್ದೆ. ತರಬೇತಿಯ ಅಣಕು ಅಪಘಾತದಲ್ಲೂ ಅದನ್ನೇ ಮಾಡಿ ಬೈಸಿಕೊಂಡೆ. ಅಲ್ಲಿ ಕಲಿಸಿದ್ದು ಸ್ಟಾರ್ಟ್ ಅನ್ನುವ ವಿಧಾನ, ತುಂಬಾ ಜನ ಗಾಯಗೊಂಡಾಗ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸೋಕೆ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನ ಅಗ್ನಿಶಾಮಕ ಇಲಾಖೆ ಮತ್ತು ಹೋಗ್ ಆಸ್ಪತ್ರೆ ಸೇರಿ ಮಾಡಿದ್ದು. ಮೊದಲು ಜೋರಾಗಿ ಕೂಗಬೇಕು: ನಡೆಯೋಕೆ ಆಗುವವರೆಲ್ಲ ಈ ಕಡೆ ಬನ್ನಿ. ಬಂದವರಿಗೆ ಹಸಿರು ಚೀಟಿ. ಉಳಿದವರ ಉಸಿರು ನಿಮಿಷಕ್ಕೆ 30 ದಾಟದೆ ಇದೆಯಾ, ಉಗುರು ಒತ್ತಿಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ವಾಪಸ್ ಬರುತ್ತದಾ, ಹೇಳಿದ ಮಾತು ಕೇಳುತ್ತಾರಾ? ಇದರಲ್ಲಿ ಒಂದು ತಪ್ಪಿದರೂ ಕೆಂಪು ಚೀಟಿ, ಅಂದರೆ ಮೊದಲು ಇವರು. ಎಲ್ಲ ಸರಿ ಇದ್ದರೆ ಹಳದಿ, ಸ್ವಲ್ಪ ಕಾಯಬಹುದು. ಕತ್ತು ಹಿಂದಕ್ಕೆ ಬಾಗಿಸಿ ಗಂಟಲಿನ ದಾರಿ ಬಿಡಿಸಿದರೂ ಉಸಿರಾಡದಿದ್ದರೆ ಕಪ್ಪು. ಕಪ್ಪು ಚೀಟಿ ಕಟ್ಟಿ ಮುಂದಿನವರ ಹತ್ತಿರ ಹೋಗಬೇಕು. ನಾನು ಆ ಕಪ್ಪಿನವನ ಎದೆ ಒತ್ತುತ್ತಾ ಕೂತಿದ್ದೆ. ಅಷ್ಟರಲ್ಲಿ ಆಚೆ ಇಬ್ಬರು ಕೆಂಪಿನವರು "ಸತ್ತುಹೋದರು". ನಟನೆಯೇ ಆದರೂ ಅವರಲ್ಲಿ ಒಬ್ಬ ಹುಡುಗಿ ನನ್ನ ಕಡೆ ನೋಡಿದ ನೋಟ ಮರೆಯೋಕಾಗಲ್ಲ.

ಬೆಂಕಿಯ ವಿಷಯದಲ್ಲಂತೂ ಆಟಕ್ಕೂ ನಿಜಕ್ಕೂ ಅಜಗಜಾಂತರ. ಎಮರ್ಜೆನ್ಸಿ 4ರಲ್ಲಿ ಪೈಪನ್ನು ಹೈಡ್ರಂಟ್‌ಗೆ (ರಸ್ತೆಬದಿಯ ನೀರಿನ ನಲ್ಲಿ) ಸೇರಿಸಿ ಬೆಂಕಿಯ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು. ಹೊಗೆ ನನ್ನ ಕಣ್ಣಿಗೆ ಅಡ್ಡ ಬರುವುದೇ ಇಲ್ಲ. ತಾಲೀಮಿನಲ್ಲಿ ಬರೀ ಕೃತಕ ಹೊಗೆ ತುಂಬಿದ್ದರು. ಅಷ್ಟಕ್ಕೇ ನನ್ನ ಕೈ ನನಗೆ ಕಾಣಲಿಲ್ಲ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಮುಂದಿನವರ ಬೂಟಿನ ಮೇಲೆ, ಅಂಬೆಗಾಲು. ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ಇತ್ತು. ಗಾಬರಿಗೆ ಬುಸುಬುಸು ಉಸಿರಾಡಿ, ಜೊತೆಯವರದಕ್ಕಿಂತ ಎಷ್ಟೋ ಮೊದಲೇ ನನ್ನದರ ಎಚ್ಚರಿಕೆಯ ಸೀಟಿ ಕೂಗಿತು. ನೀರನ್ನೂ ಸಿಕ್ಕಾಪಟ್ಟೆ ಸುರಿಯುವಂತಿಲ್ಲ. ಆವಿಯಾದಾಗ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಬಿಸಿ ಕೋಣೆಯಲ್ಲಿ ಆ ಆವಿ ಒಳಗಿರುವವರನ್ನೇ ಬೇಯಿಸುತ್ತದೆ. ನಮಗೆ ಹುಡುಕೋಕೆ ಹೇಳಿದ ಗೊಂಬೆ ಬಾಗಿಲಿನ ಹಿಂದೆಯೇ ಬಿದ್ದಿತ್ತು. ನಾವು ಅದನ್ನು ದಾಟಿಕೊಂಡು ಒಳಗೆ ಹೋಗಿದ್ದೆವು.

ಊರು ಕಟ್ಟುವ ಆಟ ಸಿಟೀಸ್: ಸ್ಕೈಲೈನ್ಸ್ ಬಗ್ಗೆ ಎರಡು ಮಾತು ಸಾಕು. ಮೂಲ ಆಟದಲ್ಲಿ ಬಹಳ ಹೊತ್ತು ಸಿಕ್ಕಿಹಾಕಿಕೊಂಡ ವಾಹನಗಳು ಮಾಯವಾಗಿಬಿಡುತ್ತವೆ. ಟ್ರಾಫಿಕ್ ಮ್ಯಾನೇಜರ್ ಮಾಡ್ ಹಾಕಿ ಆ ಮಾಯವನ್ನು ನಿಲ್ಲಿಸಿ ನೋಡಿ. ನೀವೇ ಕಟ್ಟಿದ ಊರಿನಲ್ಲಿ ನಿಮ್ಮದೇ ಫೈರ್ ಎಂಜಿನ್ ಲಾರಿಗಳ ಹಿಂದೆ ನಿಂತಿರುತ್ತದೆ, ಆಚೆ ಮನೆ ಉರಿಯುತ್ತಿರುತ್ತದೆ. ರಸ್ತೆ ಕೆಟ್ಟದಾಗಿದ್ದರೆ ಎಷ್ಟು ಆಂಬುಲೆನ್ಸ್ ಕೊಂಡರೂ ಅಷ್ಟೇ ಅನ್ನುವುದು ಒಂದೇ ಸಂಜೆಯಲ್ಲಿ ಅರ್ಥವಾಗುತ್ತದೆ.

ನನಗೆ ಆಶ್ಚರ್ಯ ಕೊಟ್ಟಿದ್ದು ಆರ್ಮಾ 3ರ ಏಸ್ ಮಾಡ್. ಅದು ಯುದ್ಧದ ಆಟ, ಹಾಗಾಗಿ ಈ ಪಟ್ಟಿಗೆ ಸೇರಿಸಬೇಕಾ ಅಂತ ಯೋಚಿಸಿದೆ. ಆದರೆ ಮುಚ್ಚಿಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಪ್ರಾಣದ ಪಟ್ಟಿ ಇಲ್ಲ. ಪ್ರಜ್ಞೆ ತಪ್ಪಿದವನ ಕೈ, ಕಾಲು, ಎದೆ, ತಲೆ ಒಂದೊಂದನ್ನೂ ನೋಡಬೇಕು. ನಾಡಿ ಹಿಡಿದರೆ ಸಾಮಾನ್ಯ ಸೈನಿಕನಿಗೆ ಕಡಿಮೆಯೋ ಜಾಸ್ತಿಯೋ ಅನ್ನುವುದಷ್ಟೇ ಗೊತ್ತಾಗುತ್ತದೆ, ಮೆಡಿಕ್‌ಗೆ ಮಾತ್ರ ಸಂಖ್ಯೆ ಸಿಗುತ್ತದೆ. ಕಟ್ಟಿದ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ರಕ್ತ ನಿಲ್ಲಿಸೋಕೆ ಬಿಗಿದ ಪಟ್ಟಿಯನ್ನು ಮರೆತರೆ ಆ ಕೈಗೆ ನೋವು ಏರುತ್ತದೆ. ತರಬೇತಿಯಲ್ಲಿ ಅಂಥ ಪಟ್ಟಿ ಬಿಗಿದ ಕೂಡಲೇ ಬರೆಸಿದ್ದು ಸಮಯವನ್ನು. ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಏಸ್ ಸೋಲುವುದು ಸಿಪಿಆರ್‌ನಲ್ಲಿ, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದರಲ್ಲಿ. ಒಂದು ಗೆರೆ ತುಂಬುವವರೆಗೆ ಕಾಯುತ್ತೀರಿ, ಅಷ್ಟೇ. ನಿಜದಲ್ಲಿ ಎದೆಯ ನಡುವೆ ಅಂಗೈ ಊರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಬೇಕು. 30 ಸಲ ಒತ್ತಿ 2 ಉಸಿರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಗೊಂಬೆಯ ಮೇಲೆ ನನಗೆ ಒಂದೂವರೆ ನಿಮಿಷಕ್ಕೇ ಆಳ ತಪ್ಪಿತ್ತು. ನಾನು ಚೆನ್ನಾಗಿಯೇ ಒತ್ತುತ್ತಿದ್ದೇನೆ ಅಂದುಕೊಂಡಿದ್ದೆ. ತಪ್ಪು ಹೇಳಿದ್ದು ಗೊಂಬೆಯ ಪಕ್ಕದ ದೀಪ. ಯಾವ ಮಾಡ್‌ಗೂ ನನ್ನ ತೋಳನ್ನು ಸುಸ್ತು ಮಾಡೋಕೆ ಬಂದಿಲ್ಲ.

ಕೊನೆಗೆ 911 ಆಪರೇಟರ್, ಅಮೆರಿಕದ ತುರ್ತು ಸಂಖ್ಯೆಗೆ ಬರುವ ಕರೆ ತೆಗೆದುಕೊಳ್ಳುವ ಆಟ. ಇದು ಮಾಡ್ ಅಲ್ಲ, 2017ರಲ್ಲಿ ಬಂದ ಪೂರ್ತಿ ಆಟ. ಆದರೂ ಬಿಡೋಕೆ ಮನಸ್ಸಿಲ್ಲ. ಜಗತ್ತಿನ ಯಾವ ನಗರದ ನಕ್ಷೆಯನ್ನಾದರೂ ಇಳಿಸಿಕೊಂಡು ಆಡಬಹುದು. ಗ್ರಾಫಿಕ್ಸ್ ಅಂದರೆ ರಸ್ತೆಗಳ ಗೆರೆ, ಅವುಗಳ ಮೇಲೆ ಓಡುವ ಚಿಹ್ನೆಗಳು. ಮುಖ್ಯವಾದದ್ದು ಫೋನ್ ಕರೆ. ಪಿಜ್ಜಾ ಬೇಕು ಅಂತ ಮಾತಾಡುವ ಹೆಂಗಸಿನ ಕರೆಯೊಂದು ಬರುತ್ತದೆ. ತಮಾಷೆ ಅಂತ ಫೋನಿಟ್ಟರೆ ಮುಗಿಯಿತು. ಹೊಡೆಯುವ ಗಂಡಸು ಅವಳ ಪಕ್ಕದಲ್ಲೇ ಇರುತ್ತಾನೆ.

ಕರೆಗಳ ಕೋಣೆಯಲ್ಲಿ ಕೂತಾಗ ಈ ಆಟ ಎಷ್ಟು ಹತ್ತಿರ ಬಂದಿದೆ ಅನ್ನಿಸಿತು. 1937ರಲ್ಲಿ ಲಂಡನ್‌ನಲ್ಲಿ ತುರ್ತು ಸಂಖ್ಯೆ 999 ಶುರುವಾಯಿತು, 1968ರಲ್ಲಿ ಅಲಬಾಮಾದ ಹೇಲಿವಿಲ್‌ನಿಂದ 911ಕ್ಕೆ ಮೊದಲ ಕರೆ ಹೋಯಿತು. ಯಾರಿಗೆ ಫೋನ್ ಮಾಡಬೇಕು ಅನ್ನುವುದು ಹೀಗೆ ಬಗೆಹರಿಯಿತು. ನೀವು ಎಲ್ಲಿದ್ದೀರಿ ಅನ್ನುವುದು ಇನ್ನೂ ಬಗೆಹರಿದಿಲ್ಲ. ನಾನು ಕೇಳಿದ ಕರೆಗಳಲ್ಲಿ ಜಾಸ್ತಿ ಹೊತ್ತು ಹೋಗಿದ್ದು ಅದಕ್ಕೇ. "ಇಲ್ಲೇ, ಅಂಗಡಿ ಹತ್ತಿರ" ಅಂತ ಒಬ್ಬರು ನಾಲ್ಕು ಸಲ ಹೇಳಿದರು. ಇನ್ನೊಂದು ಕರೆಯಲ್ಲಿ ಉಸಿರಾಡುತ್ತಿದ್ದಾರಾ ಅಂತ ಕೇಳಿದರೆ ಹೌದು ಅಂದರು. ಕರೆ ತೆಗೆದುಕೊಂಡ ಅಕ್ಕ ಅಲ್ಲಿಗೇ ಬಿಡಲಿಲ್ಲ. "ಅವರು ಪ್ರತಿ ಸಲ ಉಸಿರೆಳೆದಾಗ ನನಗೆ ಹೇಳಿ" ಅಂದರು. ಒಂದು. ತುಂಬಾ ಹೊತ್ತು ಏನೂ ಇಲ್ಲ. ಮತ್ತೊಂದು, ಗೊರಕೆಯ ಹಾಗೆ. ಅದು ಉಸಿರಾಟವಲ್ಲ, ಹೃದಯ ನಿಂತಾಗ ಬರುವ ಏದುಸಿರು. ಅಕ್ಕ ಫೋನಿನಲ್ಲೇ ಎದೆ ಒತ್ತಿಸೋಕೆ ಶುರು ಮಾಡಿದರು, ಜೋರಾಗಿ ಎಣಿಸುತ್ತಾ. ಸಿಬ್ಬಂದಿ ಒಳಗೆ ಬಂದ ಸದ್ದು ಕೇಳಿಸಿತು, ಕರೆ ಕಟ್ಟಾಯಿತು. ಆಮೇಲೇನಾಯಿತು ಅಂತ ಕೇಳಿದೆ. ನಮಗೆ ಗೊತ್ತಾಗಲ್ಲ ಅಂದರು. ಅಷ್ಟರಲ್ಲಿ ಮುಂದಿನ ಕರೆ ಬಂದಿತ್ತು.

ಆಟ ಮಾತ್ರ ಪಾಳಿ ಮುಗಿದ ಕೂಡಲೇ ಅಂಕ ತೋರಿಸುತ್ತದೆ.

ಇನ್ನು ನೀವು ಯಾವುದನ್ನು ಹಾಕಿಕೊಳ್ಳಬೇಕು ಅಂದರೆ, ತಲೆಗೆ ಕೆಲಸ ಬೇಕಿದ್ದರೆ 911 ಆಪರೇಟರ್, ನಾಲ್ಕು ಜನ ಗೆಳೆಯರಿದ್ದರೆ ಏಸ್. ಎಮರ್ಜೆನ್ಸಿ 4 ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಎಲ್‌ಎಸ್‌ಪಿಡಿಎಫ್‌ಆರ್ ಹಾಕುವುದೇ ಒಂದು ಸಾಹಸ. ಮೂಲ ಆಟಕ್ಕೆ ಅಪ್‌ಡೇಟ್ ಬಂತೆಂದರೆ ಮಾಡ್ ಮಲಗಿಬಿಡುತ್ತದೆ, ಅದನ್ನು ನಡೆಸುವ ರೇಜ್ ಪ್ಲಗಿನ್ ಹುಕ್ ಅನ್ನುವ ತಂತ್ರಾಂಶ ಹೊಸದಾಗುವವರೆಗೆ ಕಾಯಬೇಕು. ಇಷ್ಟೆಲ್ಲ ನೋಡಿಬಂದ ಮೇಲೆ ಅದನ್ನು ತೆಗೆದುಹಾಕಿದೆ ಅಂತ ಬರೆದರೆ ಗೌರವವಾಗಿರುತ್ತಿತ್ತು. ತೆಗೆದಿಲ್ಲ. ಶನಿವಾರ ರಾತ್ರಿ ಸೈರನ್ ಹಾಕಿಕೊಂಡು ಓಡಿಸೋಕೆ ನನಗೆ ಅದೇ ಬೇಕು. ಕೆಂಪು ದೀಪಕ್ಕೆ ಬ್ರೇಕ್ ಒತ್ತುವ ಅಭ್ಯಾಸ ಮಾತ್ರ ಬಂದುಬಿಟ್ಟಿದೆ, ಅದರಿಂದ ಕಳ್ಳರೆಲ್ಲ ತಪ್ಪಿಸಿಕೊಳ್ಳುತ್ತಿದ್ದಾರೆ.